ಕೆಲವಕ್ಕೆ ಕಲ್ಲು

2024ರ ಅಕ್ಟೋಬರ್ ತಿಂಗಳ ಒಂದು ಸಂಜೆ ಪಡಸಾಲೆಯಲ್ಲಿ ಕುಳಿತು ಪತ್ರಿಕೆ ತಿರುವಿಹಾಕುತ್ತಿದ್ದಾಗ ಬೆಂಗಳೂರಿನಿಂದ ಮೊಮ್ಮಗಳ ಕರೆ ಬಂದಿತು. ಆಗ ಅವಳು ಎಂಟನೆಯ ತರಗತಿಯಲ್ಲಿ ಓದುತ್ತಿದ್ದಳು. ಕ್ಷೇಮ ಸಮಾಚಾರಕ್ಕೂ ಅವಕಾಶ ಕೊಡದೆ ನೇರವಾಗಿ ವಿಷಯಕ್ಕೆ ಬಂದಳು. ಅಮೆರಿಕದ ನಾಸಾ ಸಂಸ್ಥೆ ಅದೇ ತಿಂಗಳ 14ರಂದು ‘ಯುರೋಪ ಕ್ಲಿಪ್ಪರ್’ ಎಂಬ ನೌಕೆಯನ್ನು ಗುರುಗ್ರಹದ ಕಡೆಗೆ ಹಾರಿಸಿದ್ದಿತು. ಗುರುವಿನ ಸುತ್ತ ತಿರುಗುವ ಯುರೋಪ ಎಂಬ ಚಂದ್ರನು ಹಿಮದ ಚಿಪ್ಪಿನಿಂದ ಮುಚ್ಚಿದ್ದಾನೆ, ಆ ಚಿಪ್ಪಿನ ಕೆಳಗೆ ಉಪ್ಪುನೀರಿನ ಕಡಲಿದೆ, ಅಲ್ಲಿ ಜೀವಿಗಳು ಬದುಕುವ ಅನುಕೂಲವಿದೆಯೇ ಎಂದು ನೋಡಲು ಈ ನೌಕೆ ಹೊರಟಿದೆ ಎಂದು ಶಾಲೆಯಲ್ಲಿ ಹೇಳಿದ್ದರಂತೆ.

“ಅಜ್ಜಾ, ಅಲ್ಲಿಗೆ ಬಿಸಿಲೇ ಇಳಿಯೋದಿಲ್ಲ. ಹುಲ್ಲಿಲ್ಲ, ಗಿಡ ಇಲ್ಲ. ಯಾವುದಾದ್ರೂ ಜೀವಿ ಇದ್ರೆ ಅದು ಏನು ತಿನ್ನುತ್ತೆ?”

ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವನು ನಾನು. ಇಂತಹ ಪ್ರಶ್ನೆಗೆ ಉತ್ತರವು ಯೋಚನೆಗಿಂತ ಮೊದಲೇ ನಾಲಿಗೆಯ ಮೇಲೆ ಬಂದು ನಿಲ್ಲುತ್ತದೆ. ‘ಸೂರ್ಯನಿಲ್ಲದೆ ಜೀವವಿಲ್ಲ, ಮಗಳೆ’ ಎಂದು ಹೇಳಿಬಿಡುವವನಿದ್ದೆ. ಆದರೆ ಆ ಮಾತು ಹೊರಬೀಳಲಿಲ್ಲ. “ನಾಳೆ ಹೇಳ್ತೀನವ್ವ” ಎಂದು ಕರೆ ಮುಗಿಸಿದೆ. ಹಾಗೇಕೆ ತಡೆದೆನೆಂಬುದನ್ನು ಹೇಳಬೇಕಾದರೆ ಮೊದಲು ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕಾಗುತ್ತದೆ.

1988ರ ಅರ್ಧವಾರ್ಷಿಕ ಪರೀಕ್ಷೆ. ‘ಭೂಮಿಯ ಮೇಲಿನ ಜೀವಿಗಳಿಗೆ ಶಕ್ತಿಯ ಮೂಲ ಯಾವುದು?’ ಎಂಬುದು ಒಂದು ಅಂಕದ ಪ್ರಶ್ನೆ. ‘ಸೂರ್ಯ’ ಎಂದು ಬರೆದರೆ ಅಂಕ ಬಂದಂತೆ. ದಡ್ಡನೆನಿಸಿಕೊಂಡ ಹುಡುಗನೂ ತಪ್ಪುವ ಪ್ರಶ್ನೆಯಲ್ಲ. ಕಮ್ಮಾರರ ಮನೆಯ ಒಬ್ಬ ಹುಡುಗ ಮಾತ್ರ, ‘ಹೆಚ್ಚಿನವಕ್ಕೆ ಸೂರ್ಯ, ಕೆಲವಕ್ಕೆ ಕಲ್ಲು’ ಎಂದು ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ಸೊನ್ನೆ ಹಾಕಿ, ಸಾಲದುದಕ್ಕೆ ಪಕ್ಕದಲ್ಲಿ ‘ಕಲ್ಲು ತಿಂದು ಯಾರೂ ಬದುಕಿಲ್ಲ’ ಎಂದು ಷರಾ ಬರೆದೆ. ಉತ್ತರಪತ್ರಿಕೆ ಹಂಚುವಾಗ ಅದನ್ನು ತರಗತಿಗೆಲ್ಲ ಕೇಳುವಂತೆ ಓದಿಯೂ ಓದಿದೆ. ಹುಡುಗರು ಬಿದ್ದು ಬಿದ್ದು ನಕ್ಕರು. ಯಾರು ಹೇಳಿದರು ನಿನಗೆ ಎಂದು ಕೇಳಿದರೆ, “ಲೈಬ್ರರಿ ಪುಸ್ತಕದಾಗ ಓದೇನ್ರಿ ಸರ್” ಎಂದ. ಪಠ್ಯದಲ್ಲಿಲ್ಲದ್ದನ್ನು ಪರೀಕ್ಷೆಯಲ್ಲಿ ಬರೆಯಬಾರದೆಂದು ಗದರಿಸಿ ಕೂರಿಸಿದೆ. ಅಂದಿನಿಂದ ಅವನ ಹೆಸರು ‘ಕಲ್ಲಪ್ಪ’ ಎಂದಾಯಿತು. ಹತ್ತನೆಯ ತರಗತಿ ಮುಗಿಸಿ ಶಾಲೆ ಬಿಡುವವರೆಗೆ ಹುಡುಗರು ಹಾಗೆಯೇ ಕರೆದರು. ನಾನೂ ಒಮ್ಮೊಮ್ಮೆ ಹಾಗೆ ಕರೆದದ್ದುಂಟು.

ಆ ಹುಡುಗ ಏನನ್ನು ಓದಿದ್ದನೆಂಬುದು ಈಗ ನನಗೆ ತಿಳಿದಿದೆ. ಅವನು ಉತ್ತರ ಬರೆಯುವುದಕ್ಕೆ ಹನ್ನೊಂದು ವರ್ಷ ಮೊದಲು, 1977ರಲ್ಲಿ, ಪೆಸಿಫಿಕ್ ಸಾಗರದ ಗಲಾಪಗೋಸ್ ದ್ವೀಪಗಳ ಬಳಿ ‘ಆಲ್ವಿನ್’ ಎಂಬ ಪುಟ್ಟ ಜಲಾಂತರ್ಗಾಮಿಯಲ್ಲಿ ಭೂವಿಜ್ಞಾನಿಗಳು ಸುಮಾರು ಎರಡೂವರೆ ಕಿಲೋಮೀಟರ್ ಆಳಕ್ಕೆ ಇಳಿದಿದ್ದರು. ಕಡಲತಳದಲ್ಲಿ ಬಿಸಿನೀರಿನ ಬುಗ್ಗೆಗಳಿರಬೇಕೆಂಬುದು ಅವರ ಊಹೆ. ಜೀವಿಗಳನ್ನು ಹುಡುಕಲು ಅವರು ಹೋಗಿರಲಿಲ್ಲ; ತಂಡದಲ್ಲಿ ಜೀವವಿಜ್ಞಾನಿಯೇ ಇರಲಿಲ್ಲ. ಬೆಳಕಿನ ಒಂದು ಕಿರಣವೂ ತಲುಪದ ಆ ಕತ್ತಲಲ್ಲಿ ಬುಗ್ಗೆಗಳ ಸುತ್ತ ಚಿಪ್ಪುಜೀವಿಗಳು, ಏಡಿಗಳು ಸಂತೆ ನೆರೆದಂತೆ ನೆರೆದಿದ್ದವು. ಆಳೆತ್ತರ ಬೆಳೆಯುವ ಕೆಂಪು ತುದಿಯ ಕೊಳವೆಹುಳುಗಳೂ ಇದ್ದವು. ಆ ಹುಳುಗಳಿಗೆ ಬಾಯಿಯಿಲ್ಲ, ಕರುಳಿಲ್ಲ. ಅವುಗಳ ಒಡಲೊಳಗೆ ಮನೆಮಾಡಿದ ಬ್ಯಾಕ್ಟೀರಿಯಗಳು ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡನ್ನು ಆಮ್ಲಜನಕದೊಡನೆ ಕೂಡಿಸಿ, ಅದರಿಂದ ದೊರೆತ ಶಕ್ತಿಯಲ್ಲಿ ಆಹಾರ ತಯಾರಿಸಿ ಒಡೆಯನಿಗೆ ಉಣಿಸುತ್ತವೆ. ಈ ಅನಿಲವು ಕೊಳೆತ ಮೊಟ್ಟೆಯ ವಾಸನೆಯದು ಎಂದು ಪಠ್ಯಪುಸ್ತಕ ಹೇಳುತ್ತದೆ. ನಮ್ಮ ಮನೆಗಳ ಮಕ್ಕಳಿಗೆ ಕೊಳೆತ ಮೊಟ್ಟೆಯ ಪರಿಚಯವಿಲ್ಲದ ಕಾರಣ ನಾನು ಕಿಪ್ ಉಪಕರಣದಲ್ಲಿ ಅದನ್ನು ತಯಾರಿಸಿಯೇ ತೋರಿಸಬೇಕಾಗುತ್ತಿತ್ತು. ಆ ದಿನ ಮುಖ್ಯೋಪಾಧ್ಯಾಯರು ತಮ್ಮ ಕೊಠಡಿಯ ಕಿಟಕಿಗಳನ್ನು ತಾವೇ ಎದ್ದು ಮುಚ್ಚಿಕೊಳ್ಳುತ್ತಿದ್ದರು.

ಆದುದರಿಂದ ಹುಡುಗನ ಉತ್ತರ ಸರಿ, ನನ್ನ ಸೊನ್ನೆ ತಪ್ಪು. ಅಷ್ಟಕ್ಕೆ ಮುಗಿಯಿತೇ ಎಂದರೆ ಮುಗಿಯಲಿಲ್ಲ. ಮೊಮ್ಮಗಳಿಗೆ ಉತ್ತರಿಸಲೆಂದು ಓದತೊಡಗಿದವನಿಗೆ ಒಂದು ತೊಡಕು ಕಂಡಿತು. ಕೊಳವೆಹುಳುವಿನ ಬ್ಯಾಕ್ಟೀರಿಯಗಳಿಗೆ ಬೇಕಾದ ಆಮ್ಲಜನಕ ಬಂದದ್ದೆಲ್ಲಿಂದ? ಮೇಲಿನ ಬಿಸಿಲಿನಲ್ಲಿ ಹಸುರು ಜೀವಿಗಳು ಹೊರಬಿಟ್ಟ ಆಮ್ಲಜನಕವೇ ನೀರಿನಲ್ಲಿ ಕರಗಿ ಆ ಆಳಕ್ಕೆ ಇಳಿದಿರುತ್ತದೆ. ಅಂದಮೇಲೆ ಅವು ಸೂರ್ಯನ ಋಣದಿಂದ ಪೂರ್ತಿ ಬಿಡುಗಡೆ ಹೊಂದಿದವಲ್ಲ. ಅರ್ಧ ಊಟ ಭೂಮಿಯೊಳಗಿನದು, ಇನ್ನರ್ಧ ಸೂರ್ಯನದೇ. ಯುರೋಪದ ಕಡಲಿಗೆ ಆ ಸೌಲಭ್ಯವಿಲ್ಲ. ಗುರುವಿನ ಬಳಿ ಬಿಸಿಲು ನಮ್ಮಲ್ಲಿಗಿಂತ ಸುಮಾರು ಇಪ್ಪತ್ತೈದರಲ್ಲಿ ಒಂದು ಪಾಲು. ಮೇಲಿನ ಹಿಮದ ದಪ್ಪ 15ರಿಂದ 25 ಕಿಲೋಮೀಟರ್ ಇರಬಹುದೆಂದು ಅಂದಾಜು. ಅದರಡಿಯಲ್ಲಿ ಹಗಲೆಂಬುದೇ ಇಲ್ಲ.

ಯಾರೂ ಇಳಿದು ನೋಡದ ಕಡಲು ಇದೆಯೆಂದು ಹೇಗೆ ನಂಬುವುದೆಂದು ಓದುಗ ಬಂಧುಗಳು ಕೇಳಬಹುದು. ಯುರೋಪವನ್ನು ಗೆಲಿಲಿಯೋ 1610ರಲ್ಲಿಯೇ ಕಂಡಿದ್ದನು. 1979ರಲ್ಲಿ ವಾಯೇಜರ್ ನೌಕೆಗಳು ಅದರ ಬಿರುಕುಬಿರುಕಾದ ನುಣುಪು ಮೈಯ ಚಿತ್ರಗಳನ್ನು ಕಳುಹಿಸಿದವು. ಗಟ್ಟಿ ಸಾಕ್ಷ್ಯ ದೊರೆತದ್ದು ಅದೇ ವಿಜ್ಞಾನಿಯ ಹೆಸರನ್ನು ಹೊತ್ತು 1995ರಲ್ಲಿ ಗುರುವನ್ನು ತಲುಪಿದ ನೌಕೆಯಿಂದ. ಉಪ್ಪುನೀರು ವಿದ್ಯುತ್ತನ್ನು ಹರಿಯಗೊಡುತ್ತದೆ. ಗುರುವಿನ ಬಲವಾದ ಕಾಂತಕ್ಷೇತ್ರ ಯುರೋಪದ ಮೇಲೆ ದಿಕ್ಕು ಬದಲಿಸುತ್ತ ಹಾಯುವಾಗ, ಒಳಗಿನ ಉಪ್ಪುನೀರಿನಲ್ಲಿ ವಿದ್ಯುತ್ ಹುಟ್ಟಿ, ಅದು ತನ್ನದೇ ಆದ ಚಿಕ್ಕದೊಂದು ಕಾಂತಕ್ಷೇತ್ರವನ್ನು ಎಬ್ಬಿಸುತ್ತದೆ. ಮಾರ್ಗರೆಟ್ ಕಿವೆಲ್ಸನ್ ಎಂಬ ವಿದುಷಿಯ ತಂಡ ಈ ಪ್ರತಿಧ್ವನಿಯನ್ನೇ ಅಳೆದು ತೋರಿಸಿತು. ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದಾದ ಆ ಗೋಲದಲ್ಲಿ ಭೂಮಿಯ ಎಲ್ಲ ಸಾಗರಗಳ ನೀರಿನ ಸುಮಾರು ಎರಡರಷ್ಟು ನೀರಿದೆಯೆಂದು ಲೆಕ್ಕ.

ನೀರಿದೆ, ಒಳಗೆ ಬಿಸಿಯಿದೆ ಎಂದಮಾತ್ರಕ್ಕೆ ಅನ್ನವಿದೆಯೆಂದು ಅರ್ಥವಲ್ಲ. ಇಲ್ಲಿಯೇ ನಾನೂ ಬಹುಕಾಲ ಎಡವಿದೆ. ಬಿಸಿನೀರಿನ ಹಂಡೆಯೊಳಗೆ ಕುಳಿತವನ ಹಸಿವು ಇಂಗುವುದಿಲ್ಲ. ಎಲ್ಲ ಕಡೆ ಒಂದೇ ಮಟ್ಟದಲ್ಲಿ ನಿಂತ ನೀರು ಗಾಲಿಯನ್ನು ತಿರುಗಿಸಲಾರದು. ಏರಿನಿಂದ ತಗ್ಗಿಗೆ ಹರಿಯುವ ನೀರು ಮಾತ್ರ ತಿರುಗಿಸೀತು. ಜೀವಿಗೂ ಬೇಕಾದುದು ಇಂತಹ ಒಂದು ಏರುಪೇರು. ಪರಸ್ಪರ ಕೂಡಲು ಕಾದಿರುವ, ಆದರೆ ಇನ್ನೂ ಕೂಡದಿರುವ ಎರಡು ವಸ್ತುಗಳು ಒಂದೆಡೆ ದೊರೆಯಬೇಕು. ಅವನ್ನು ಕೂಡಿಸಿ ನಡುವಿನ ಲಾಭವನ್ನು ಜೀವಿ ಉಣ್ಣುತ್ತದೆ. ನಮ್ಮ ರೊಟ್ಟಿಯೂ ಉಸಿರಿನ ಗಾಳಿಯೂ ಹೀಗೆ ಕೂಡಲು ಕಾದಿರುವ ಜೋಡಿಯೇ. ಹಿಮದ ಕೆಳಗಿನ ಕಡಲಿನಲ್ಲಿ ಅಂತಹ ಜೋಡಿ ಯಾವುದು ಎಂಬುದೇ ಮೊಮ್ಮಗಳ ಪ್ರಶ್ನೆಯ ತಿರುಳು.

ಉತ್ತರದ ಒಂದು ತುದಿ ನಮ್ಮ ಹಿತ್ತಿಲಲ್ಲಿಯೇ ಇದ್ದಿತು. ಎಂಬತ್ತರ ದಶಕದಲ್ಲಿ ನಮ್ಮ ತಂದೆಯವರು ಗೋಬರ್ ಗ್ಯಾಸಿನ ಗುಂಡಿ ಹಾಕಿಸಿದ್ದರು. ದನದ ಸಗಣಿಯನ್ನು ನೀರಿನಲ್ಲಿ ಕಲಸಿ ಗುಂಡಿಗೆ ಸುರಿಯುವುದು ಬೆಳಗಿನ ಕೆಲಸ; ಮುಚ್ಚಿದ ಆ ಗುಂಡಿಯಿಂದ ಬಂದ ಅನಿಲದ ನೀಲಿ ಉರಿಯ ಮೇಲೆ ತಾಯಿಯವರು ರೊಟ್ಟಿ ಬೇಯಿಸುತ್ತಿದ್ದರು. ಗಾಳಿಯಿಲ್ಲದ, ಬೆಳಕಿಲ್ಲದ ಆ ರಾಡಿಯೊಳಗೆ ಮೀಥೇನನ್ನು ತಯಾರಿಸುವ ಸೂಕ್ಷ್ಮಜೀವಿಗಳು ಬ್ಯಾಕ್ಟೀರಿಯಗಳೇ ಅಲ್ಲವೆಂದು, ಜೀವವೃಕ್ಷದ ಬೇರೊಂದು ಹಳೆಯ ಕೊಂಬೆಗೆ ಸೇರಿದವೆಂದು ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟದ್ದೂ 1977ರಲ್ಲಿಯೇ. ಇವುಗಳ ಬಂಧುಗಳು ಕೊಟ್ಟಿಗೆಯಲ್ಲಿ ಮೆಲುಕು ಹಾಕುತ್ತ ಮಲಗಿದ ಎತ್ತಿನ ಹೊಟ್ಟೆಯಲ್ಲಿಯೂ ಇವೆ. ಅಲ್ಲಿ ಅವುಗಳ ಮುಖ್ಯ ಊಟ ಜಲಜನಕ ಮತ್ತು ಇಂಗಾಲದ ಡೈಆಕ್ಸೈಡ್. ನಾಲ್ಕು ಅಣು ಜಲಜನಕಕ್ಕೆ ಒಂದು ಅಣು ಇಂಗಾಲದ ಡೈಆಕ್ಸೈಡ್ ಕೂಡಿಸಿ, ಒಂದು ಮೀಥೇನ್ ಮತ್ತು ಎರಡು ನೀರಿನ ಅಣುಗಳನ್ನು ಮಾಡಿ, ಉಳಿದ ಶಕ್ತಿಯಲ್ಲಿ ಅವು ಬಾಳುತ್ತವೆ. ಈ ಊಟಕ್ಕೆ ಆಮ್ಲಜನಕ ಬೇಡ. ಬೇಡವೇನು, ಆಮ್ಲಜನಕ ತಗುಲಿದರೆ ಅವಕ್ಕೆ ಕೇಡು. ಎತ್ತಿನ ಹೊಟ್ಟೆಯ ಜಲಜನಕವೇನೋ ಹುಲ್ಲು ಹುಳಿತು ಹುಟ್ಟಿದ್ದು, ಹುಲ್ಲು ಬಿಸಿಲಿನದು. ಅಲ್ಲಿಯೂ ಸೂರ್ಯನ ಲೆಕ್ಕ ತಪ್ಪುವುದಿಲ್ಲ. ಆದರೆ ಜಲಜನಕವು ಹುಲ್ಲಿನಿಂದಲ್ಲದೆ ಕಲ್ಲಿನಿಂದ ಬರುವಂತಿದ್ದರೆ?

ಹಾಗೆ ಬರುತ್ತದೆ. ಆಲಿವೀನ್ ಎಂಬ ಖನಿಜವಿರುವ ಕಪ್ಪು ಹಸುರು ಶಿಲೆಯಲ್ಲಿ ಕಬ್ಬಿಣದ ಅಂಶವಿರುತ್ತದೆ. ಬಿಸಿನೀರು ಅದರ ಬಿರುಕುಗಳಲ್ಲಿ ಹೊಕ್ಕಾಗ ಕಬ್ಬಿಣವು ನೀರಿನಿಂದ ಆಮ್ಲಜನಕವನ್ನು ಕಿತ್ತುಕೊಳ್ಳುತ್ತದೆ, ಜಲಜನಕ ಬಿಡುಗಡೆಯಾಗುತ್ತದೆ. ಕಲ್ಲು ಬದಲಾಗಿ ಹಾವಿನ ಮೈಯಂತೆ ನುಣುಪಾದ ಸರ್ಪೆಂಟೈನ್ ಆಗುತ್ತದೆ. ನಮ್ಮ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆಯಲ್ಲಿ ಇಂತಹ ಬಹು ಪ್ರಾಚೀನ ಶಿಲೆಗಳಿವೆ. ಅಲ್ಲಿ ನೀರು ಮತ್ತು ಕಲ್ಲಿನ ಈ ವ್ಯವಹಾರ ಎಂದೋ ಮುಗಿದಿದೆ. ಅಟ್ಲಾಂಟಿಕ್ ಸಾಗರದ ನಡುವೆ 2000ದಲ್ಲಿ ಕಂಡುಬಂದ, ‘ಲಾಸ್ಟ್ ಸಿಟಿ’ ಎಂದು ಹೆಸರಿಟ್ಟ ಬಿಳಿಯ ಗೋಪುರಗಳಂತಹ ಬುಗ್ಗೆಗಳಲ್ಲಿ ಅದು ನಮ್ಮ ಕಾಲದಲ್ಲಿಯೇ ನಡೆಯುತ್ತಿದೆ.

ಇದನ್ನು ಓದಿದ ರಾತ್ರಿ ನನಗೆ ನಿದ್ರೆ ಬರಲಿಲ್ಲ. ಕೆಂಪಗೆ ಕಾದ ಕಬ್ಬಿಣದ ಮೇಲೆ ಉಗಿ ಹಾಯಿಸಿದರೆ ಜಲಜನಕ ಬರುತ್ತದೆಂಬ ಸಮೀಕರಣವನ್ನು ನಾನು ಪ್ರತಿವರ್ಷ ಕಪ್ಪುಹಲಗೆಯ ಮೇಲೆ ಬರೆದವನು. ಮೀಥೇನಿನ ಪಾಠ ಮಾಡುವಾಗ ಗೋಬರ್ ಗ್ಯಾಸಿನ ಉದಾಹರಣೆ ಕೊಟ್ಟವನು. ಕಬ್ಬಿಣದ ಪಾಠ ಜೂನ್ ತಿಂಗಳಿನಲ್ಲಿ, ಮೀಥೇನಿನ ಪಾಠ ಜನವರಿಯಲ್ಲಿ. ನಡುವೆ ಏಳು ತಿಂಗಳ ಅಂತರ. ಕಲ್ಲು ಜಲಜನಕ ಕೊಡಬಲ್ಲದು, ಜಲಜನಕ ಜೀವಿಯನ್ನು ಸಾಕಬಲ್ಲದು ಎಂಬ ಎರಡು ಮಾತುಗಳೂ ನನ್ನ ಬಾಯಿಂದಲೇ ಬಂದಿದ್ದವು. ಅವೆರಡನ್ನೂ ಕೂಡಿಸಿ ಬರೆದ ಹುಡುಗನಿಗೆ ನಾನು ಸೊನ್ನೆ ಕೊಟ್ಟಿದ್ದೆ. ಕುಲುಮೆಯ ಮುಂದೆ ಬೆಳೆದ ಹುಡುಗ ಅವನು, ಕಾದ ಕಬ್ಬಿಣವನ್ನು ನೀರಿಗೆ ಅದ್ದುವುದನ್ನು ದಿನಾಲು ನೋಡಿದವನು.

ಅವನು ಊರಿನಲ್ಲಿಯೇ ಇದ್ದಾನೆ. ತಂದೆಯ ಕುಲುಮೆಯ ಜಾಗದಲ್ಲಿ ಈಗ ವೆಲ್ಡಿಂಗ್ ಅಂಗಡಿ. ಟ್ರ್ಯಾಕ್ಟರಿನ ನೇಗಿಲು, ಟ್ರೇಲರುಗಳ ದುರಸ್ತಿ ಅವನ ಕಾಯಕ. ನಾನು ಹೋದಾಗ ಕಣ್ಣಿನ ಗುರಾಣಿ ತೆಗೆದು, “ಶರಣ್ರಿ ಸರ್” ಎಂದು ಸ್ಟೂಲು ಒರೆಸಿಕೊಟ್ಟ. ಅವನ ಕೂದಲೂ ಬೆಳ್ಳಗಾಗಿತ್ತು. ಬಂದ ಕಾರಣ ಹೇಳಿದೆ. ಸೊನ್ನೆಯ ಮಾತು ಅವನಿಗೆ ಚೆನ್ನಾಗಿ ನೆನಪಿತ್ತು. ತಪ್ಪು ನನ್ನದೆಂದು ಹೇಳಿದಾಗ ತುಸು ಹೊತ್ತು ಸುಮ್ಮನಿದ್ದ. ಆಮೇಲೆ, “ಈಗ ಆ ಹೆಸರು ಹೋಗೂದಿಲ್ರಿ ಸರ್. ಊರ ಮಂದಿಗೆಲ್ಲ ನಾ ಕಲ್ಲಪ್ಪನs. ನನ್ನ ಹೆಂಡ್ತಿ ಅದು ಮನಿದೇವರ ಹೆಸರಂತ ತಿಳದಾಳ” ಎಂದು ನಕ್ಕ. ನನಗೆ ನಗು ಬರಲಿಲ್ಲ. ಅವನು ಚಹಾ ತರಿಸಿದ. ಕುಡಿಯುತ್ತ, “ಅದಿರ್ಲಿ, ಅಷ್ಟು ದೂರದಾಗ ಹಿಮದ ಕೆಳಗ ನೀರು ಹೆಪ್ಪುಗಟ್ಟಲಾರದs ಹೆಂಗ ಉಳಿತೈತಿ?” ಎಂದು ಕೇಳಿದ.

ನಾನು ಉತ್ತರಿಸುವ ಬದಲು ಅಲ್ಲಿ ಬಿದ್ದಿದ್ದ ಒಂದು ದಪ್ಪ ತಂತಿಯ ತುಂಡನ್ನು ಎತ್ತಿಕೊಂಡು ಹಿಂದೆ ಮುಂದೆ ಬಾಗಿಸತೊಡಗಿದೆ. ಅವನಿಗೆ ಕೂಡಲೇ ಹೊಳೆಯಿತು. ತಂತಿಯನ್ನು ನನ್ನ ಕೈಯಿಂದ ತೆಗೆದುಕೊಂಡು ನಾಲ್ಕು ಸಲ ಬಲವಾಗಿ ಬಾಗಿಸಿ, ಬಾಗಿದ ಜಾಗವನ್ನು ನನ್ನ ಅಂಗೈಗೆ ಒತ್ತಿದ. ಚುರುಕ್ಕೆಂದಿತು.

ಯುರೋಪದ ಸ್ಥಿತಿ ಅದೇ. ಮೂರೂವರೆ ದಿನಕ್ಕೊಮ್ಮೆ ಅದು ಗುರುವನ್ನು ಸುತ್ತುತ್ತದೆ. ದಾರಿ ಪೂರ್ಣ ವೃತ್ತವಾಗಿದ್ದರೆ ತೊಂದರೆಯಿರಲಿಲ್ಲ. ಆದರೆ ಒಳಗಿನ ಅಯೋ ನಾಲ್ಕು ಸುತ್ತು ಸುತ್ತುವಷ್ಟರಲ್ಲಿ ಯುರೋಪ ಎರಡು ಸುತ್ತು, ಹೊರಗಿನ ಗ್ಯಾನಿಮೀಡ್ ಒಂದು ಸುತ್ತು ಮುಗಿಸುತ್ತವೆ. ಈ ತಾಳದಲ್ಲಿ ಅವು ಪದೇ ಪದೇ ಒಂದನ್ನೊಂದು ಎಳೆಯುವುದರಿಂದ ದಾರಿ ಎಂದಿಗೂ ವೃತ್ತವಾಗಲು ಬಿಡುವುದಿಲ್ಲ. ಗುರುವಿನ ಸಮೀಪಕ್ಕೆ ಬಂದಾಗ ಹೆಚ್ಚು ಸೆಳೆತ, ದೂರ ಸರಿದಾಗ ಕಡಿಮೆ; ಇಡೀ ಗೋಲವೇ ನಾದಿದ ಹಿಟ್ಟಿನಂತೆ ಹಿಗ್ಗಿ ಕುಗ್ಗಿ ಒಳಗೆ ಬಿಸಿ ಹುಟ್ಟುತ್ತದೆ. ಈ ಲೆಕ್ಕವನ್ನು ಪೀಲ್, ಕ್ಯಾಸೆನ್, ರೆನಾಲ್ಡ್ಸ್ ಎಂಬ ಮೂವರು ಅಯೋವನ್ನು ಕುರಿತು ಹಾಕಿ 1979ರ ಮಾರ್ಚ್ 2ರಂದು ಪ್ರಕಟಿಸಿದರು. ವಾರ ಕಳೆಯುವುದರೊಳಗೆ ವಾಯೇಜರ್ ತೆಗೆದ ಚಿತ್ರದಲ್ಲಿ ಅಯೋದ ಜ್ವಾಲಾಮುಖಿ ಉಗುಳುತ್ತಿರುವುದು ಲಿಂಡಾ ಮೊರಾಬಿಟೊ ಎಂಬ ತರುಣಿಯ ಕಣ್ಣಿಗೆ ಬಿತ್ತು. ಭವಿಷ್ಯ ನುಡಿಯುವವರು ಅನೇಕರಿದ್ದಾರೆ. ಒಂದು ವಾರದಲ್ಲಿ ಇಷ್ಟು ಚೊಕ್ಕಟವಾಗಿ ಫಲಿಸಿದ ನುಡಿಯನ್ನು ನಾನಂತೂ ಕಂಡಿಲ್ಲ.

ಕಲ್ಲಪ್ಪ, ಹಾಗೆಯೇ ಕರೆಯಲು ಅವನು ಈಗ ಅನುಮತಿ ಕೊಟ್ಟಿದ್ದಾನೆ, ಅಷ್ಟಕ್ಕೆ ಬಿಡಲಿಲ್ಲ. “ತಂತಿ ಬಾಗಸಾಕ ನನ್ನ ರಟ್ಟಿ ದಣಿತೈತ್ರಿ. ಅಲ್ಲೆ ಯಾರ ರಟ್ಟಿ ದಣಿತೈತಿ?” ಎಂದ. ಮೂವತ್ತಮೂರು ವರ್ಷಗಳ ನನ್ನ ತರಗತಿಗಳಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿದ ನೆನಪಿಲ್ಲ. ದಣಿಯುವುದು ಗುರುವಿನ ರಟ್ಟೆ. ಹತ್ತು ಗಂಟೆಗೂ ಕಡಿಮೆ ಸಮಯದಲ್ಲಿ ಒಂದು ಸುತ್ತು ತಿರುಗುವ ಆ ಮಹಾಗ್ರಹದ ಬುಗುರಿಯಾಟವೇ ಈ ಬಿಸಿಗೆ ಬಂಡವಾಳ. ಅಯೋವಿನ ಮೂಲಕ ಆ ಶಕ್ತಿ ಸ್ವಲ್ಪ ಸ್ವಲ್ಪವಾಗಿ ಚಂದ್ರರಿಗೆ ಸೋರುತ್ತದೆ. ಗುರುವಿನ ತಿರುಗಾಟ ನಮಗೆ ಗೊತ್ತೇ ಆಗದಷ್ಟು ನಿಧಾನವಾಗುತ್ತ ಹೋಗುತ್ತದೆ. ನಮ್ಮ ಮನೆಯಲ್ಲಿಯೂ ಇಂತಹುದೇ ವ್ಯವಹಾರವಿದೆ. ಉಬ್ಬರವಿಳಿತದ ಮೂಲಕ ಭೂಮಿಯ ತಿರುಗಾಟ ಕುಂದುತ್ತಿದ್ದು, ಚಂದ್ರನು ವರ್ಷಕ್ಕೆ ಸುಮಾರು 3.8 ಸೆಂಟಿಮೀಟರ್‌ನಂತೆ ದೂರ ಸರಿಯುತ್ತಿದ್ದಾನೆ. ಗಗನಯಾತ್ರಿಗಳು ಅಲ್ಲಿಟ್ಟುಬಂದ ಕನ್ನಡಿಗಳಿಗೆ ಲೇಸರ್ ಕಿರಣ ಬಿಟ್ಟು ಅಳೆದ ಲೆಕ್ಕವಿದು.

ಬಿಸಿ ಹೀಗಾಯಿತು. ಊಟದ ಜೋಡಿಯ ಮಾತಿಗೆ ಬಂದರೆ, ಅದರ ಪ್ರತ್ಯಕ್ಷ ಸಾಕ್ಷಿ ದೊರೆತದ್ದು ಯುರೋಪದಲ್ಲಲ್ಲ. ಶನಿಯ ಚಂದ್ರನಾದ ಎನ್ಸೆಲಾಡಸ್‌ನಲ್ಲಿ. ಅಡ್ಡಗಲ ಕೇವಲ 500 ಕಿಲೋಮೀಟರ್. ಧಾರವಾಡದಿಂದ ಬೆಂಗಳೂರಿಗೆ ಹೋಗುವಷ್ಟೂ ದೂರವಲ್ಲ ಎನ್ನುವಂತಿಲ್ಲ, ಅದಕ್ಕಿಂತ ತುಸು ಹೆಚ್ಚು, ಅಷ್ಟೇ. ಇಷ್ಟು ಪುಟ್ಟ ಗೋಲದ ದಕ್ಷಿಣ ಧ್ರುವದ ಬಿರುಕುಗಳಿಂದ ನೀರಿನ ಆವಿ ಮತ್ತು ಹಿಮದ ಕಣಗಳು ಕಾರಂಜಿಯಂತೆ ಚಿಮ್ಮುತ್ತಿರುವುದನ್ನು ಕ್ಯಾಸಿನಿ ನೌಕೆ 2005ರಲ್ಲಿ ಕಂಡಿತು. ಕೆಳಗಿನ ಕಡಲು ತಾನಾಗಿಯೇ ಹೊರಗೆ ಬಂದು ಕೈಗೆ ಸಿಕ್ಕಂತಾಯಿತು. ಚಿಮ್ಮಿದ ಕಣಗಳಲ್ಲಿ ಅತಿ ಸೂಕ್ಷ್ಮವಾದ ಸಿಲಿಕಾ ಇದೆಯೆಂದೂ, ಅದು ಹುಟ್ಟಬೇಕಾದರೆ ಕಡಲತಳದಲ್ಲಿ ಎಲ್ಲಿಯೋ ನೀರು 90 ಡಿಗ್ರಿ ಸೆಲ್ಸಿಯಸ್ಸಿನಷ್ಟಾದರೂ ಕಾಯುತ್ತಿರಬೇಕೆಂದೂ 2015ರಲ್ಲಿ ವಿಜ್ಞಾನಿಗಳು ತರ್ಕಿಸಿದರು. ಅದೇ ವರ್ಷದ ಅಕ್ಟೋಬರ್ 28ರಂದು ಕ್ಯಾಸಿನಿ ನೆಲದಿಂದ 49 ಕಿಲೋಮೀಟರ್ ಎತ್ತರದಲ್ಲಿ ಆ ಕಾರಂಜಿಯ ನಡುವೆಯೇ ಹಾಯ್ದುಹೋಯಿತು. ಸಿಕ್ಕ ಅನಿಲದಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಜಲಜನಕವಿದೆ, ಇಂಗಾಲದ ಡೈಆಕ್ಸೈಡೂ ಇದೆ, ಮೀಥೇನೂ ಇದೆ ಎಂದು 2017ರಲ್ಲಿ ಪ್ರಕಟವಾಯಿತು. ಎತ್ತಿನ ಹೊಟ್ಟೆಯ ಜೀವಿಗಳು ಉಣ್ಣುವ ಊಟದ ಎರಡೂ ಪದಾರ್ಥಗಳು ಅಲ್ಲಿ ಬಡಿಸಿಟ್ಟಿವೆ. 2023ರಲ್ಲಿ ಅದೇ ಕಣಗಳಲ್ಲಿ ರಂಜಕದ ಲವಣಗಳೂ ಪತ್ತೆಯಾದವು. ನಮ್ಮ ಎಲುಬಿಗೂ ಹೊಲದ ಬೆಳೆಗೂ ಬೇಕಾದ ಅದೇ ರಂಜಕ.

ಯುರೋಪದಲ್ಲಿ ಇನ್ನೊಂದು ಬಗೆಯ ಊಟಕ್ಕೆ ಅವಕಾಶವಿದೆ. ಅದು ಮೇಲಿನಿಂದ ಬರಬೇಕು. ಗುರುವಿನ ಕಾಂತಕ್ಷೇತ್ರದಲ್ಲಿ ಸಿಕ್ಕಿಕೊಂಡ ವಿದ್ಯುತ್ಕಣಗಳು ಹಗಲಿರುಳು ಯುರೋಪದ ಹಿಮವನ್ನು ಬಡಿಯುತ್ತವೆ. ರಕ್ಷಣೆಯಿಲ್ಲದ ಮನುಷ್ಯನು ಅಲ್ಲಿ ಒಂದು ದಿನ ನಿಂತರೆ ಆ ವಿಕಿರಣವೇ ಅವನಿಗೆ ಮೃತ್ಯು. ಆದರೆ ಅದೇ ಹೊಡೆತಕ್ಕೆ ಹಿಮದ ನೀರು ಒಡೆದು ಹಗುರವಾದ ಜಲಜನಕ ಹಾರಿಹೋಗುತ್ತದೆ. ಆಮ್ಲಜನಕವೂ, ನಾವು ಗಾಯ ತೊಳೆಯಲು ಬಳಸುವ ಹೈಡ್ರೋಜನ್ ಪೆರಾಕ್ಸೈಡೂ ಹಿಮದಲ್ಲಿ ಉಳಿಯುತ್ತವೆ. ಇವು ಬಿರುಕುಗಳ ಮೂಲಕ ಕೆಳಗಿಳಿದು ಕಡಲನ್ನು ಸೇರಿದರೆ ಅಲ್ಲಿನ ಸೂಕ್ಷ್ಮಜೀವಿಗಳಿಗೆ ಆಹಾರವಾದೀತೆಂದು ಕ್ರಿಸ್ಟೊಫರ್ ಚೈಬಾ 2000ದಲ್ಲಿ ಲೆಕ್ಕ ಹಾಕಿ ತೋರಿಸಿದರು. ಬಿಸಿಲಿನಿಂದ ಆಮ್ಲಜನಕ ಪಡೆಯುವ ಕೊಳವೆಹುಳುವಿನ ತೊಡಕಿಗೆ ಅಲ್ಲಿ ವಿಕಿರಣವೇ ಪರಿಹಾರ. ಜೂನೋ ನೌಕೆಯ ಅಳತೆಗಳನ್ನು ಆಧರಿಸಿ 2024ರಲ್ಲಿ ಬಂದ ಲೆಕ್ಕದಂತೆ ಯುರೋಪದ ಮೈಯಲ್ಲಿ ಸೆಕೆಂಡಿಗೆ ಸುಮಾರು 12 ಕಿಲೋಗ್ರಾಂ ಆಮ್ಲಜನಕ ಹುಟ್ಟುತ್ತದೆ. ದಿನಕ್ಕೆ ಸಾವಿರ ಟನ್ನು ಎಂದು ಕೇಳಿದರೆ ಹೆಚ್ಚೆನಿಸುತ್ತದೆ. ಹಿಂದಿನ ಹಲವು ಅಂದಾಜುಗಳಿಗೆ ಹೋಲಿಸಿದರೆ ಇದು ಬಹಳ ಕಡಿಮೆ. ಅದರಲ್ಲಿಯೂ ಕೆಳಗೆ ಇಳಿಯುವುದು ಒಂದಂಶ ಮಾತ್ರ. ಯುರೋಪದ ಕಡಲತಳವೇ ಈಗ ತಣ್ಣಗೆ, ನಿಶ್ಚಲವಾಗಿರಬಹುದೆಂದು ವಾದಿಸುವ ವಿಜ್ಞಾನಿಗಳೂ ಇದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಹೆಚ್ಚು ಪ್ರಚಾರ ಪಡೆದ ಯುರೋಪಕ್ಕಿಂತ ಪುಟ್ಟ ಎನ್ಸೆಲಾಡಸ್‌ನ ಅಡುಗೆಮನೆಯೇ ಹೆಚ್ಚು ನಂಬಿಕೆಗೆ ಅರ್ಹ.

ಬಿಸಿಯೂ ಬೇಡ, ಮೇಲಿನ ಆಮ್ಲಜನಕವೂ ಬೇಡ ಎನ್ನುವ ಮೂರನೆಯ ದಾರಿಯೊಂದಿದೆ. ದಕ್ಷಿಣ ಆಫ್ರಿಕದ ಎಂಪೊನೆಂಗ್ ಚಿನ್ನದ ಗಣಿಯಲ್ಲಿ 2.8 ಕಿಲೋಮೀಟರ್ ಆಳದ ಬಂಡೆಯ ಬಿರುಕಿನ ನೀರಿನಲ್ಲಿ ಒಂದು ಬ್ಯಾಕ್ಟೀರಿಯ ಸಿಕ್ಕಿತು. ಬಂಡೆಯೊಳಗಿನ ಯುರೇನಿಯಂ ಮುಂತಾದವು ಸೂಸುವ ವಿಕಿರಣ ನೀರನ್ನು ಒಡೆದು ಜಲಜನಕ ಕೊಡುತ್ತದೆ. ಅದನ್ನೂ ಬಂಡೆಯ ಗಂಧಕದ ಲವಣವನ್ನೂ ಕೂಡಿಸಿ ಈ ಜೀವಿ ಬದುಕುತ್ತದೆ. 2008ರಲ್ಲಿ ಪರೀಕ್ಷಿಸಿದಾಗ ಆ ನೀರಿನಲ್ಲಿ ಹೆಚ್ಚುಕಡಿಮೆ ಇದೊಂದೇ ಜಾತಿ ಇದ್ದಿತು. ನೆರೆಯಿಲ್ಲ, ಹೊರೆಯಿಲ್ಲ. ಅದರ ಹೆಸರಿನ ಲ್ಯಾಟಿನ್ ಪದಗಳಿಗೆ ‘ಧೀರ ಪಥಿಕ’ ಎಂದರ್ಥ. ಮೂರು ಕಿಲೋಮೀಟರಿಗೂ ಆಳಕ್ಕೆ ಹೋಗಿದ್ದ ನಮ್ಮ ಕೋಲಾರದ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿ ದುಡಿದವರು ಬರಿಗಣ್ಣಿಗೆ ಕಾಣದ ಎಂತಹ ನೆರೆಯವರ ಪಕ್ಕದಲ್ಲಿ ನಿಂತಿದ್ದರೋ ಎಂದು ಈಗ ಅನ್ನಿಸುತ್ತದೆ. ಹಿಮಚಂದ್ರರ ಒಡಲಿನ ಕಲ್ಲಿನಲ್ಲಿಯೂ ಇಂತಹ ವಿಕಿರಣಶೀಲ ಧಾತುಗಳಿರಲೇಬೇಕು.

ಇಷ್ಟನ್ನೆಲ್ಲ ಮೊಮ್ಮಗಳಿಗೆ ಹೇಳಲು ‘ನಾಳೆ’ ಎಂದವನು ಮೂರು ವಾರ ತೆಗೆದುಕೊಂಡೆ. ದೀಪಾವಳಿಗೆ ಊರಿಗೆ ಬಂದಿದ್ದಳು. ಕೇಳಿಸಿಕೊಂಡು, ನಾನು ಯೋಚಿಸದಿದ್ದ ಕಡೆಗೆ ಕೈ ಹಾಕಿದಳು. “ಎನ್ಸೆಲಾಡಸ್‌ನಲ್ಲಿ ಅಷ್ಟು ಜಲಜನಕ ಉಳಿದಿದೆ ಅಂದ್ರೆ ತಿನ್ನೋರು ಯಾರೂ ಇಲ್ಲ ಅಂತ ತಾನೆ, ಅಜ್ಜಾ? ಇದ್ದಿದ್ರೆ ತಿಂದು ಖಾಲಿ ಮಾಡ್ತಿದ್ರು.”

ಅವಳ ಮಾತನ್ನು ತೆಗೆದುಹಾಕುವಂತಿಲ್ಲ. ವಿಜ್ಞಾನಿಗಳಲ್ಲಿಯೂ ಈ ವಾದವಿದೆ. ಬಡಿಸಿದ ಊಟ ಮುಟ್ಟದೆ ಉಳಿದಿರುವುದು ಮನೆಯಲ್ಲಿ ಯಾರೂ ಇಲ್ಲವೆಂಬುದರ ಗುರುತಾಗಿರಬಹುದು. ಅಲ್ಲಿನ ಮೀಥೇನು ಕೂಡ ಜೀವಿಗಳ ಕೆಲಸವೇ ಆಗಬೇಕೆಂದಿಲ್ಲ, ಬಿಸಿ ಕಲ್ಲುನೀರಿನ ನಡುವೆ ತಾನಾಗಿಯೂ ಹುಟ್ಟಬಲ್ಲದು. ನನಗೆ ಮನಸ್ಸು ಕುಗ್ಗಿತು. ಇಷ್ಟು ದೂರ ಬಂದು ಕಡೆಗೆ ಬರಿದಾದ ಪಂಕ್ತಿಯನ್ನು ಕಾಣುವುದೇ ಎನ್ನಿಸಿತು. ಕರ್ಚಿಕಾಯಿ ತುಂಬುತ್ತ ಕುಳಿತಿದ್ದ ನನ್ನ ಮನೆಯವರು ತಲೆ ಎತ್ತದೆಯೇ ಹೇಳಿದರು: “ಮದುವಿ ಮನ್ಯಾಗ ಅನ್ನ ಉಳಿತಂದ್ರ ಮಂದಿ ಬಂದಿಲ್ಲಂತ ಅಲ್ಲವ್ವ. ಅಡಿಗಿಯಂವ ಲೆಕ್ಕಕ್ಕಿಂತ ಜಾಸ್ತಿ ಮಾಡ್ಯಾನ ಅಂತನೂ ಆಗಬಹುದು.”

ವಿಜ್ಞಾನಿಗಳ ಇನ್ನೊಂದು ಪಕ್ಷದ ವಾದ ಇದೇ. ಕಲ್ಲು ಕೊಡುವ ಜಲಜನಕ ಬಹಳ, ಉಣ್ಣುವವರು ಕೆಲವರೇ. ಅಥವಾ ಬೇರೆ ಯಾವುದೋ ಪೋಷಕಾಂಶದ ಕೊರತೆಯಿಂದ ಅವರ ಸಂತಾನ ಬೆಳೆಯದೆ ಉಳಿದಿರಬಹುದು. ಇವೆರಡರಲ್ಲಿ ಯಾವುದು ನಿಜವೆಂದು ಹೇಳುವ ಉಪಕರಣ ಕ್ಯಾಸಿನಿಯಲ್ಲಿರಲಿಲ್ಲ. ಇಂಧನ ಮುಗಿಯುತ್ತ ಬಂದಾಗ, ಅಕಸ್ಮಾತ್ ಎನ್ಸೆಲಾಡಸ್‌ಗೆ ಬಡಿದು ನಮ್ಮ ಭೂಮಿಯ ಸೂಕ್ಷ್ಮಜೀವಿಗಳನ್ನು ಅಲ್ಲಿ ಬಿತ್ತಬಾರದೆಂದು 2017ರ ಸೆಪ್ಟೆಂಬರ್ 15ರಂದು ಅದನ್ನು ಶನಿಯೊಳಗೆ ಇಳಿಸಿ ಉರಿಸಿಬಿಟ್ಟರು. ಯುರೋಪದ ಸಲುವಾಗಿ ಗೆಲಿಲಿಯೋ ನೌಕೆಯನ್ನು 2003ರಲ್ಲಿಯೇ ಗುರುವಿಗೆ ಒಪ್ಪಿಸಿದ್ದರು. ಇದ್ದಾರೋ ಇಲ್ಲವೋ ತಿಳಿಯದ ಮನೆಯವರಿಗೆ ತೊಂದರೆಯಾಗಬಾರದೆಂದು ಕೋಟಿಗಟ್ಟಲೆ ಬೆಲೆಯ ಯಂತ್ರಗಳನ್ನು ಸುಟ್ಟ ಈ ನಡವಳಿಕೆ ನನಗೆ ಬಹಳ ಹಿಡಿಸಿತು.

ಕ್ಲಿಪ್ಪರ್ ಕೂಡ ಜೀವಿಗಳನ್ನೇ ಹಿಡಿದು ತೋರಿಸುವ ನೌಕೆಯಲ್ಲ. ಯುರೋಪದ ಪಕ್ಕದಲ್ಲಿ 49 ಸಲ ಹಾಯ್ದು, ಹಿಮದ ದಪ್ಪವೆಷ್ಟು, ಕಡಲಿನ ಉಪ್ಪೆಷ್ಟು, ಮೇಲಿನದು ಕೆಳಗೆ ಇಳಿಯುವ ದಾರಿಯುಂಟೇ ಎಂಬುದನ್ನು ಅಳೆಯುವುದು ಅದರ ಕೆಲಸ. ಅದು ಗುರುವನ್ನು ಸೇರುವುದು 2030ರ ಏಪ್ರಿಲ್‌ನಲ್ಲಿ. ಆಗ ನನಗೆ ಎಂಬತ್ತು ತುಂಬಿರುತ್ತದೆ.

ಇದನ್ನು ಕಲ್ಲಪ್ಪನಿಗೂ ಹೇಳಿದೆ. ಅವನ ಅಂಗಡಿಯ ಒಳಗೋಡೆಯ ಮೇಲೆ ಉದ್ರಿ ಗಿರಾಕಿಗಳ ಲೆಕ್ಕವನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿರುತ್ತಾನೆ. ಮುಂದಿನ ಸಲ ಹೋದಾಗ ಆ ಪಟ್ಟಿಯ ಕೊನೆಯಲ್ಲಿ ‘ಸರ್ — 1 ಮಾರ್ಕು — 2030 ಏಪ್ರಿಲ್’ ಎಂದು ಬರೆದಿತ್ತು. ಓದಿ, ಸ್ಟೂಲಿನ ಮೇಲೆ ಕುಳಿತೆ. ಅವನು ಚಹಾ ತರಿಸಿದ.